ಕೂತು ನಗುವ ಮನೆಯವರು

ಮಾರ್ಚ್ 4, ಬುಧವಾರ

ತಮ್ಮಾ,

ಮೊದಲು ಆಶೀರ್ವಾದ, ಆಮೇಲೆ ಬೈಗುಳ. ಕ್ರಮ ತಪ್ಪಬಾರದು ಅಂತ ಈ ಒಂದು ಸಾಲು.

ನಿನ್ನೆ ನಿನ್ನ ಹೆಂಡತಿ ಫೋನ್ ಮಾಡಿದ್ದಳು. "ಅತ್ತಿಗೆ, ನಿಮಗೆ ಹೇಳ್ಬೇಡ ಅಂದಿದ್ದಾರೆ, ಹೇಳ್ದೆ ಇರೋಕಾಗ್ತಿಲ್ಲ" ಅಂತ ಶುರು ಮಾಡಿ ಅತ್ತಳು. ಕುಡಿದು ಗಾಡಿ ಓಡಿಸಿದೆ ಅಂತ ನಿನ್ನ ಮೇಲೆ ಕೇಸಾಗಿದೆಯಂತೆ. ಹಾಡುಹಗಲು, ಗಾಡಿಯ ತುಂಬ ಗಾಜು ಹೇರಿಕೊಂಡು. ಲೈಸೆನ್ಸು ತೆಗೆದಿಟ್ಟುಕೊಂಡಿದ್ದಾರಂತೆ. ಮುಂದಿನ ತಿಂಗಳು ಹದಿನಾರನೇ ತಾರೀಖು ಕೋರ್ಟಂತೆ. ಇಪ್ಪತ್ತೆರಡು ವರ್ಷ ಒಂದು ಗಾಜೂ ಸೀಳದೆ ಓಡಿಸಿದವನು ಈಗ ಮನೆಯಲ್ಲಿ ಕೂತು ಮಗಳ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದೀಯಂತೆ.

ಫೋನಿನಲ್ಲಿ ನಿನ್ನ ಜೊತೆ ಇದನ್ನು ಮಾತಾಡುವುದಿಲ್ಲ. ನೀನು ಏನಾದರೂ ಹೇಳಿ ನಗಿಸಿಬಿಡುತ್ತೀಯ, ನಾನು ಕುರ್ಚಿ ಹುಡುಕಬೇಕು, ಅಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಕಾಗದದ ಮೇಲೆ ನಿನ್ನ ಆಟ ನಡೆಯುವುದಿಲ್ಲ.

ಒಂಬತ್ತು ವರ್ಷದ ಹಿಂದೆ ಚಿಕ್ಕಪ್ಪನ ಮಗನ ಮದುವೆಯಲ್ಲಿ ನಾಲ್ಕು ಜನರ ಮುಂದೆ ಮುಗ್ಗರಿಸಿ ಬಿದ್ದೆಯಲ್ಲ, ಆಮೇಲೆ ಅಮ್ಮನ ಹಾಸಿಗೆಯ ಪಕ್ಕ ನನ್ನ ಕೈಮೇಲೆ ಕೈಯಿಟ್ಟು ಏನು ಹೇಳಿದ್ದೆ? ಇನ್ನು ಮುಟ್ಟುವುದಿಲ್ಲ ಅಂದಿದ್ದೆ. ಆ ಮಾತಿನ ಮೇಲೆ ಅಮ್ಮ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು. ಅವಳಿಗೆ ಕೊಟ್ಟ ಮಾತು ಮುರಿದೆ. ಈಗ ಸುಳ್ಳೂ ಸೇರಿಸಬೇಡ. ಕೋರ್ಟಿನಲ್ಲಿ ನಿಂತು, ಹೌದು ಸ್ವಾಮಿ, ತಪ್ಪಾಯಿತು ಅಂತ ಒಪ್ಪಿಕೊ. ಒಪ್ಪಿಕೊಂಡವನ ಕಡೆ ದೇವರು ಮುಖ ತಿರುಗಿಸುವುದಿಲ್ಲ.

ಇವತ್ತು ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಅಪ್ಪ ಬಂದಿದ್ದರು. ತೀರಿಕೊಂಡು ಇಷ್ಟು ವರ್ಷವಾದರೂ ಎಂದಿನ ಹಾಗೆ ಗೋಡೆಯ ಕಡೆಯಿಂದ ಬಂದು ಮಂಚದ ಅಂಚಿನಲ್ಲಿ ಕೂತರು. ಶಾಲೆಯ ಗಂಟೆ ಹೊಡೆಯುವ ಸುತ್ತಿಗೆ ಕೈಯಲ್ಲಿತ್ತು. ನಿನ್ನ ವಿಷಯಕ್ಕೇ ಬಂದದ್ದು ಅಂತ ನನಗೆ ಗೊತ್ತಾಯಿತು.

ನಿನ್ನ ಅಕ್ಕ


ಮಾರ್ಚ್ 10, ಮಂಗಳವಾರ

ಅಕ್ಕಾ,

ನಿನ್ನ ಬೈಗುಳ ಕ್ಷೇಮವಾಗಿ ತಲುಪಿತು.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದ ಹಾಗಾಗಿದೆ ನನ್ನ ಕಥೆ. ವ್ಯತ್ಯಾಸ ಇಷ್ಟೇ, ನಾನು ಮಜ್ಜಿಗೆಯನ್ನೂ ಕುಡಿದಿರಲಿಲ್ಲ. ಏನಾಯಿತು ಅಂತ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಓದಿದ ಮೇಲೆ ಬೈಯುವುದಾದರೆ ಬೈಯಿ.

ಮಧ್ಯಾಹ್ನ ನಾಲ್ಕು ಗಂಟೆ. ಹೊಸ ಬಟ್ಟೆ ಅಂಗಡಿಯೊಂದಕ್ಕೆ ಆಳುದ್ದದ ಆರು ಕನ್ನಡಿ ಒಯ್ಯುತ್ತಿದ್ದೆ. ನಮ್ಮ ಗಾಡಿಯ ಪಕ್ಕಕ್ಕೆ ಓರೆಯಾಗಿ ಒಂದು ಮರದ ಚೌಕಟ್ಟು ಇದೆಯಲ್ಲ, ಅದರ ಮೇಲೆ ಮುಖ ಹೊರಗೆ ಮಾಡಿ ಸಾಲಾಗಿ ನಿಲ್ಲಿಸಿ ಕಟ್ಟಿದ್ದೆ. ಕನ್ನಡಿ ಹೇರಿದ ದಿನ ಗಾಡಿ ಓಡಿಸುವುದೇ ಬೇರೆ. ರಸ್ತೆ ಬದಿಯ ಮರಗಳೆಲ್ಲ ನನ್ನ ಪಕ್ಕದಲ್ಲೇ ಹಿಂದಕ್ಕೆ ಈಜಿಕೊಂಡು ಹೋಗುತ್ತಿರುತ್ತವೆ. ಆಕಾಶವನ್ನು ಯಾರದೋ ಮನೆಗೆ ತಲುಪಿಸಲು ಹೊರಟ ಹಾಗಿರುತ್ತದೆ.

ಸೇತುವೆ ದಾಟಿದ ಮೇಲೆ ಪೊಲೀಸರು ತಡೆದರು. ಗಾಡಿ ಸ್ವಲ್ಪ ಆ ಕಡೆ ಈ ಕಡೆ ಹೋಯಿತು ಅಂದರು. ಊದುವ ಮಿಷನ್ನು ಕೆಟ್ಟಿತ್ತು. ರಕ್ತ ತೆಗೆಯುವ ಡಾಕ್ಟರು ಊರಲ್ಲಿರಲಿಲ್ಲ. "ಮಿಷನ್ ಇಲ್ದಿದ್ರೆ ಏನಾಯ್ತು, ಹದಿನೆಂಟು ವರ್ಷದಿಂದ ನೋಡ್ತಿದೀನಿ, ಕಣ್ಣಲ್ಲೇ ಗೊತ್ತಾಗತ್ತೆ" ಅಂತ ಸಾಹೇಬರು ಇಳಿಯಲು ಹೇಳಿದರು. ಕನ್ನಡಿ ಒರೆಸಿದ ಸ್ಪಿರಿಟ್ಟು ಕೈಗೆಲ್ಲ ಮೆತ್ತಿಕೊಂಡಿತ್ತು, ವಾಸನೆ ಹೊಡೆಯುತ್ತಿತ್ತು. ರಸ್ತೆಯ ಬಿಳಿ ಗೆರೆಯ ಮೇಲೆ ನಡೆಯಿರಿ ಅಂದರು. ನಡೆದೆ, ಚೆನ್ನಾಗಿಯೇ ನಡೆದೆ. ಆಮೇಲೆ ಅವರು ಕನ್ನಡಿ ಕಡೆ ತಿರುಗಿದರು. ತಮ್ಮನ್ನು ನೋಡಿಕೊಂಡು, ಹೊಟ್ಟೆ ಒಳಗೆ ಎಳೆದುಕೊಂಡು, ಬೆಲ್ಟು ಮೇಲಕ್ಕೆ ಏರಿಸಿಕೊಂಡರು. ಅಕ್ಕಾ, ಆರು ಕನ್ನಡಿಯಲ್ಲಿ ಆರು ಸಾಹೇಬರು ಒಟ್ಟಿಗೆ ಹೊಟ್ಟೆ ಎಳೆದುಕೊಂಡರು.

ನಾನು ನಿಂತುಕೊಂಡೇ ನಕ್ಕುಬಿಟ್ಟೆ.

ನಮ್ಮನೆಯಲ್ಲಿ ಯಾರೂ ನಿಂತು ನಗುವುದಿಲ್ಲ ಅಂತ ಅವರಿಗೆ ಹೇಗೆ ಗೊತ್ತಿರಬೇಕು? ಮೊಣಕಾಲು ಬಿಟ್ಟುಹೋಯಿತು. ಎದ್ದೆ, ಮತ್ತೆ ಬಿಟ್ಟುಹೋಯಿತು. ನಾಲಿಗೆ ಹತ್ತಿಯಾಯಿತು. ಹೆಸರು ಕೇಳಿದರು, ನನ್ನ ಹೆಸರು ನನಗೇ ಅರ್ಥವಾಗದ ಹಾಗೆ ಹೇಳಿದೆ.

ಅವರು ಬರೆದ ಹಾಳೆಯ ನಕಲು ಕೊಟ್ಟಿದ್ದಾರೆ. ಕಣ್ಣು ಅರ್ಧ ಮುಚ್ಚಿತ್ತು, ರೆಪ್ಪೆ ಜೋಲುತ್ತಿತ್ತು. ಮಾತು ತೊದಲುತ್ತಿತ್ತು. ಕಾರಣವಿಲ್ಲದೆ ನಕ್ಕನು. ಮೊಣಕಾಲು ಎರಡು ಸಲ ಬಾಗಿತು. ಕೈಯಿಂದ ವಾಸನೆ ಬರುತ್ತಿತ್ತು. ಇಷ್ಟೇ. ಒಂದೂ ಸುಳ್ಳಲ್ಲ, ಅದೇ ಕಷ್ಟ.

ನಮ್ಮ ಮಾಲೀಕರು ಒಳ್ಳೆಯವರು. ತಪ್ಪು ಸಾಬೀತಾದರೆ ಆರು ತಿಂಗಳು ಲೈಸೆನ್ಸಿರುವುದಿಲ್ಲ, ಅಲ್ಲಿವರೆಗೆ ಗಾಜು ಕತ್ತರಿಸುವ ಮೇಜಿನಲ್ಲಿರು, ಆಮೇಲೆ ಗಾಡಿ ನಿನ್ನದೇ ಅಂದಿದ್ದಾರೆ. ಆದರೆ ಮಗಳು ನನ್ನನ್ನು ನೋಡುವ ನೋಟ ಬೇರೆಯಾಗಿದೆ. ಅವಳಿಗೋಸ್ಕರವಾದರೂ ಕೋರ್ಟಿನಲ್ಲಿ, ಕುಡಿದಿರಲಿಲ್ಲ ಅಂತ ಹೇಳಬೇಕು ಅಂದುಕೊಂಡಿದ್ದೇನೆ.

ಮದುವೆಯ ದಿನ ಒಂದು ಲೋಟ ಕುಡಿದಿದ್ದೆ, ನಿಜ. ಬಿದ್ದದ್ದು ಅದರಿಂದಲ್ಲ. ಅವತ್ತು ನಿನಗೆ ಅದನ್ನು ಹೇಳುವುದಕ್ಕಿಂತ ಆಣೆ ಇಡುವುದು ಸುಲಭವಾಗಿತ್ತು.

ನಿನ್ನ ತಮ್ಮ


ಮಾರ್ಚ್ 16, ಸೋಮವಾರ

ತಮ್ಮಾ,

ಕಾಗದ ಓದಿದೆ. ಕಥೆ ಚೆನ್ನಾಗಿ ಕಟ್ಟುತ್ತೀಯ, ಚಿಕ್ಕವನಿದ್ದಾಗಿನಿಂದಲೂ. ಸ್ಪಿರಿಟ್ಟಿನ ಕಥೆ, ಕನ್ನಡಿಯ ಕಥೆ. ಕೋರ್ಟಿನವರು ಇಂಥದ್ದನ್ನು ದಿನಕ್ಕೆ ಹತ್ತು ಕೇಳಿರುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ನೀನು ಹೆಗಲಿನ ಜೊತೆಗೆ ಬೆನ್ನನ್ನೂ ಮುಟ್ಟಿ ನೋಡಿಕೊಳ್ಳುತ್ತೀಯ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೊಣಕಾಲಿನ ವಿಷಯವನ್ನು ಹೊರಗೆ ತೆಗೆಯಬೇಡ. ಅದು ನಮ್ಮ ಮನೆಯ ಒಳಗಿನ ಮಾತು. ದೇವರು ಹತ್ತಿರದಿಂದ ಹಾದುಹೋದಾಗ ಮೈ ಸಡಿಲಾಗುತ್ತದೆ, ಅದಕ್ಕೇ ಅಪ್ಪ "ಕೂತ್ಕೊಂಡು ನಗ್ರೋ, ಕೂತ್ಕೊಂಡು ನಗ್ರೋ" ಅಂತ ಮಣೆ ತಳ್ಳುತ್ತಿದ್ದರು ಅಂತ ಅಮ್ಮ ಎಷ್ಟು ಸಲ ಹೇಳಿಲ್ಲ? ಅಂಥದ್ದನ್ನು ಪೊಲೀಸರ ಹಾಳೆಯಲ್ಲಿ, ಕುಡುಕರ ಸಾಲಿನಲ್ಲಿ ಬರೆಸಿಕೊಂಡು ಬಂದಿದ್ದೀಯ. ಅದರಿಂದ ನನಗೆ ನೀನು ಕುಡಿದದ್ದಕ್ಕಿಂತ ಹೆಚ್ಚು ನೋವಾಯಿತು.

ಇಲ್ಲಿ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ ಎಂದಿನಂತಿದೆ. ಹರಿದ ಹೊದಿಕೆಗೆ ತೇಪೆ, ಆಪರೇಷನ್ ಅಂಗಿಗೆ ದಾರ. ಮಕ್ಕಳ ವಾರ್ಡಿನದಕ್ಕೆ ಮೂಲೆಯಲ್ಲಿ ನೀಲಿ ಹೊಲಿಗೆ, ಹೆರಿಗೆ ವಾರ್ಡಿನದಕ್ಕೆ ಹಸಿರು. ಬೆಳಿಗ್ಗೆ ಹೊದಿಕೆಗಳನ್ನು ಮಹಡಿಯ ಮೇಲೆ ಒಣಹಾಕುತ್ತೇವೆ. ಅವುಗಳ ನಡುವೆ ನಡೆದರೆ ನಾಲ್ಕೂ ಕಡೆ ಬಿಳಿ, ಮೇಲೆ ಬಿಳಿ ಬೆಳಕು, ಗೋಡೆ ಇಲ್ಲ, ನೆಲ ಇದೆಯೋ ಇಲ್ಲವೋ. ನಿನ್ನೆ ಅಲ್ಲಿ ಅಮ್ಮ ನನ್ನ ಹೆಸರು ಹಿಡಿದು ಕೂಗಿದಳು. ತಿರುಗಿದರೆ ಒಂದು ಹೊದಿಕೆ ಮಾತ್ರ ಅಲ್ಲಾಡುತ್ತಿತ್ತು.

ಪ್ರಾರ್ಥನಾ ಮಂದಿರದಲ್ಲಿ ಈಗೀಗ ಮನೆಯವರನ್ನು ಕಳೆದುಕೊಂಡ ಹೆಂಗಸರು ನನ್ನ ಕೈ ಹಿಡಿದುಕೊಳ್ಳಲು ಬರುತ್ತಾರೆ. "ಅಕ್ಕಾ, ನಮ್ಮನೆಯವರು ಕಾಣಿಸಿದ್ರಾ, ಏನಾದ್ರೂ ಹೇಳಿದ್ರಾ?" ಅಂತ ಕೇಳುತ್ತಾರೆ. ಕಂಡರೆ ಕಂಡೆ ಅನ್ನುತ್ತೇನೆ, ಇಲ್ಲದಿದ್ದರೆ ಇಲ್ಲ. ನಾನು ಏಳನೇ ಕ್ಲಾಸಿನವಳು, ತೇಪೆ ಹಾಕುವವಳು. ನನಗೆ ದೇವರು ಇಷ್ಟು ಕೊಟ್ಟಿದ್ದಾನಲ್ಲ ಅಂತ ಕಣ್ಣು ತುಂಬುತ್ತದೆ.

ನೀನು ಒಪ್ಪಿಕೊ. ಆರು ತಿಂಗಳು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋಗುತ್ತದೆ.

ಸಾಲು ವಕ್ರವಾಗಿದ್ದರೆ ಕಾಗದದ ತಪ್ಪಲ್ಲ. ಎಡಗೈಗೆ ಇಸ್ತ್ರಿಯ ಹಬೆ ತಗುಲಿದೆ, ಹಾಳೆ ಹಿಡಿಯಲು ಆಗುತ್ತಿಲ್ಲ.

ನಿನ್ನ ಅಕ್ಕ


ಮಾರ್ಚ್ 28, ಶನಿವಾರ

ಅಕ್ಕಾ,

ಕೈ ಹೇಗಿದೆ? ಹಬೆ ಅಂದಮೇಲೆ ಹಬೆ, ನಾನು ಹೆಚ್ಚು ಕೇಳುವುದಿಲ್ಲ.

ಸರ್ಕಾರದ ಕಡೆಯಿಂದ ನನಗೊಬ್ಬ ವಕೀಲೆಯನ್ನು ಕೊಟ್ಟಿದ್ದಾರೆ. ಚಿಕ್ಕ ವಯಸ್ಸು, ಬೂಟಿನ ದಾರ ಕಟ್ಟಿಕೊಳ್ಳಲೂ ಪುರುಸೊತ್ತಿಲ್ಲ. ಹಾಳೆ ಓದಿ, "ನಕ್ಕಾಗ ಮಾತ್ರ ಬೀಳ್ತೀರಾ?" ಅಂದರು. ಹೌದು ಅಂದೆ. "ನಿಂತ್ಕೊಳ್ಳಿ" ಅಂದರು. ಅವರ ಮೇಲಿನವರು ಕೋರ್ಟಿನಲ್ಲಿ ನಿದ್ದೆ ಹೋಗಿ, ಎಚ್ಚರವಾದ ತಕ್ಷಣ ಎದುರು ಪಕ್ಷದ ಪರವಾಗಿ ವಾದ ಮಾಡಿದ ಕಥೆ ಹೇಳಿದರು. ನಾನು ಅವರ ಫೈಲುಗಳ ಮೇಲೆ ಹೋಗಿ ಕೂತೆ. ಅವರು ನಗಲಿಲ್ಲ. ಒಂದು ಚೀಟಿ ಬರೆದು ದೊಡ್ಡ ಡಾಕ್ಟರ ಹತ್ತಿರ ಕಳಿಸಿದರು.

ಡಾಕ್ಟರು ಮುಕ್ಕಾಲು ಗಂಟೆ ಕೇಳಿದರು. ಊಟದ ಮಧ್ಯೆ ಕಣ್ಣು ಮುಚ್ಚುತ್ತದೆಯಾ? ನಿದ್ದೆಗೆ ಜಾರುವಾಗ ಕೋಣೆಯಲ್ಲಿ ಯಾರಾದರೂ ನಿಂತ ಹಾಗೆ, ಹೆಸರು ಕರೆದ ಹಾಗೆ ಆಗುತ್ತದೆಯಾ? ಅವರು ಒಂದೊಂದು ಕೇಳಿದಾಗಲೂ ನಮ್ಮ ಮನೆಯ ಕಿಟಕಿಯಲ್ಲಿ ನಿಂತು ಒಳಗೆ ನೋಡಿದವರ ಹಾಗಿತ್ತು. ಕೊನೆಗೆ ಹೇಳಿದರು: ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲರಿಗೂ ಒಂದು ಬಾಗಿಲಿರುತ್ತದೆ, ನಿಮ್ಮದು ಸರಿಯಾಗಿ ಹಾಕಿಕೊಳ್ಳುವುದಿಲ್ಲ. ಎಚ್ಚರವಿದ್ದಾಗಲೇ ಕನಸು ಒಳಗೆ ಬರುತ್ತದೆ. ನಕ್ಕರೆ ಮೈ ಮಾತ್ರ ನಿದ್ದೆಗೆ ಹೋಗುತ್ತದೆ, ನೀವು ಎಚ್ಚರವಾಗಿಯೇ ಇರುತ್ತೀರಿ. ಇದು ಕಾಯಿಲೆ, ಮಾತ್ರೆ ಇದೆ.

ಕೊನೆಯದಾಗಿ, "ಮನೇಲಿ ಬೇರೆ ಯಾರಿಗಾದರೂ ಇದೆಯಾ?" ಅಂದರು.

ಇಲ್ಲ ಅಂದೆ. ಅಮ್ಮ ಹೆಸರು ಹಿಡಿದು ಕೂಗಿದಳು ಅಂತ ನೀನು ಬರೆದ ಕಾಗದ ಜೇಬಿನಲ್ಲೇ ಇತ್ತು.

ಈಗ ಕೇಳು. ಕಾಯಿಲೆ ಅಂತ ಹೇಳಿದರೆ ಕುಡುಕ ಅನ್ನುವ ಕಳಂಕ ಹೋಗುತ್ತದೆ, ಜೊತೆಗೆ ಲೈಸೆನ್ಸೂ ಹೋಗುತ್ತದೆ. ಡಾಕ್ಟರು ಸರಿ ಅನ್ನುವವರೆಗೆ ಕೊಡುವುದಿಲ್ಲ. ಒಂದು ವರ್ಷವೋ, ಎಂದೆಂದಿಗೂ ಇಲ್ಲವೋ. ಕುಡಿದಿದ್ದೆ ಅಂದರೆ ಆರು ತಿಂಗಳಿಗೆ ಗಾಡಿ ವಾಪಸ್ಸು. ನಿದ್ದೆ ಪರೀಕ್ಷೆ ಮಾಡುವ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ಕಾಯಬೇಕು, ಅಲ್ಲಿವರೆಗೆ ಡಾಕ್ಟರು "ಇರಬಹುದು" ಅಂತಷ್ಟೇ ಬರೆದುಕೊಡುತ್ತಾರೆ. ಮನೆಯವರು ಯಾರಾದರೂ ನಮಗೂ ಹೀಗೇ ಅಂತ ಬರೆದು ಸಹಿ ಹಾಕಿದರೆ ಕೇಸು ನಿಲ್ಲಿಸಿ ಪರೀಕ್ಷೆಗೆ ಬಿಡುತ್ತಾರೆ ಅಂತ ವಕೀಲೆ ಹೇಳಿದರು. ಅಂಥವರು ಯಾರೂ ಇಲ್ಲ ಅಂದುಬಿಟ್ಟಿದ್ದೇನೆ.

ಹಾಗಾಗಿ ನೀನು ಹೇಳಿದಂತೆಯೇ ಮಾಡುತ್ತೇನೆ. ಕುಡಿದಿದ್ದೆ ಅಂತ ಒಪ್ಪಿಕೊಳ್ಳುತ್ತೇನೆ. ಮಗಳ ನೋಟ ಆರು ತಿಂಗಳಲ್ಲಿ ಸರಿಹೋದೀತು. ಗಾಡಿ ಬಿಟ್ಟರೆ ನನಗೆ ಬೇರೆ ಏನು ಗೊತ್ತಿದೆ?

ಒಂದು ವಿಷಯ ವಕೀಲೆಗೂ ಹೇಳಿಲ್ಲ. ಅವತ್ತು ಪೊಲೀಸರು ತಡೆಯುವ ಮೊದಲು ಅಪ್ಪ ನನ್ನ ಪಕ್ಕದ ಸೀಟಿನಲ್ಲಿದ್ದರು. ಹಸುರು ಅಂಗಿ. ಗಾಜಿಗೆ ತಲೆ ಒರಗಿಸಿ, ನಿನ್ನ ಮದುವೆಯಲ್ಲಿ ಯಾರು ಯಾರು ಬಂದಿದ್ದರು ಅಂತ ಒಬ್ಬೊಬ್ಬರ ಹೆಸರು ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಎಷ್ಟು ಹಿತವಾಗಿತ್ತು ಅಂದರೆ, ಅಕ್ಕಾ, ಬಿಸಿಲು ಜೇನಿನ ಹಾಗೆ ಇಳಿಯುತ್ತಿತ್ತು. ಅವರು ಇಳಿದುಹೋದಾಗ ನಾನು ಸೇತುವೆಯ ಮೇಲಿದ್ದೆ. ಸೇತುವೆಗೆ ಬರಬೇಕಾದರೆ ರೈಲ್ವೆ ಗೇಟು ದಾಟಬೇಕು. ಅದನ್ನು ದಾಟಿದ್ದು ನನಗೆ ನೆನಪಿಲ್ಲ.

ನಿನ್ನ ತಮ್ಮ


ಏಪ್ರಿಲ್ 7, ಮಂಗಳವಾರ

ಅಕ್ಕಾ,

ಹತ್ತು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಬೈಗುಳವಾದರೂ ಬರಲಿ ಅಂತ ಅಂಚೆಯವನ ದಾರಿ ಕಾಯುತ್ತಿದ್ದೇನೆ.

ನಿನ್ನನ್ನು ಕಾಯಿಲೆಯವಳು ಅಂದೆ ಅಂತ ತಿಳಿದುಕೊಂಡೆಯಾ? ನಾನು ಹಾಗೆ ಬರೆದಿಲ್ಲ. ನಿನ್ನದು ಬೇರೆ, ನನ್ನದು ಬೇರೆ. ನಿನ್ನದು ದೇವರದ್ದೇ ಇರಲಿ. ಹದಿನಾರಕ್ಕೆ ಎಲ್ಲ ಮುಗಿಯುತ್ತದೆ.

ತಮ್ಮ


ಏಪ್ರಿಲ್ 10, ಶುಕ್ರವಾರ

ತಮ್ಮಾ,

ಹದಿಮೂರು ದಿನದಲ್ಲಿ ಆರು ಕಾಗದ ಬರೆದು ಹರಿದೆ. ಇದು ಏಳನೆಯದು, ಹರಿಯುವುದಿಲ್ಲ.

ಮೊದಲು ನನ್ನ ಕೈಯ ವಿಷಯ. ಹಬೆಯಲ್ಲ. ಪಕ್ಕದ ಮೇಜಿನವಳು ಒಂದು ಅಂಗಿಗೆ ಎರಡೂ ತೋಳು ಒಂದೇ ಕಡೆ ಹೊಲಿದು, "ಈ ಡಾಕ್ಟ್ರು ಇನ್ಮೇಲೆ ಪಕ್ಕದಲ್ಲೇ ಆಪರೇಷನ್ ಮಾಡ್ಬೇಕು" ಅಂದಳು. ನಾನು ಇಸ್ತ್ರಿ ಮಾಡುತ್ತ ನಿಂತಿದ್ದೆ. ನಿಂತೇ ನಕ್ಕೆ. ಮೊಣಕಾಲು ಹೋಯಿತು, ಮೊಳಕೈವರೆಗೆ ಇಸ್ತ್ರಿಯ ಮೇಲೆ ಬಿದ್ದೆ. ಸುಡುವುದು ಗೊತ್ತಾಗುತ್ತಿತ್ತು, ಕೈ ಎತ್ತಲಾಗಲಿಲ್ಲ, ಕೂಗಲಾಗಲಿಲ್ಲ. ಅವಳೇ ಎಳೆದಳು. ಎಲ್ಲರಿಗೂ ಹಬೆ ಅಂದೆ. ಉದ್ದ ತೋಳಿನ ರವಿಕೆ ಹಾಕಿಕೊಂಡೆ. ನೀನು ಕಥೆ ಕಟ್ಟುತ್ತೀಯ ಅಂತ ಬೈದ ಅದೇ ಕಾಗದದಲ್ಲಿ ನಾನು ಸುಳ್ಳು ಬರೆದಿದ್ದೆ.

ಎರಡನೆಯದು ಅಪ್ಪನ ವಿಷಯ. ಅಪ್ಪ ಶಾಲೆಯ ಗಂಟೆ ಹೊಡೆಯುವ ಕೆಲಸದಲ್ಲಿದ್ದರು ಅಂತ ನಿನಗೆ ಗೊತ್ತು, ಯಾಕೆ ಬಿಟ್ಟರು ಅಂತ ಗೊತ್ತಿಲ್ಲ. ನೀನಾಗ ಮೂರು ವರ್ಷದವನು. ಒಂದು ದಿನ ತೂಕಡಿಕೆಯಿಂದ ಎದ್ದು ಹನ್ನೊಂದು ಗಂಟೆಗೇ ಮನೆಗೆ ಬಿಡುವ ಗಂಟೆ ಹೊಡೆದುಬಿಟ್ಟರು. ಮಕ್ಕಳೆಲ್ಲ ಓಡಿದವು. ಹೆಡ್ ಮೇಷ್ಟ್ರು ಬಂದಾಗ ಅಪ್ಪ ಮಕ್ಕಳು ಓಡುವುದನ್ನು ನೋಡಿ ನಕ್ಕು ಗಂಟೆಯ ಕಂಬ ಹಿಡಿದು ಜಾರಿ ಕೂತಿದ್ದರು. ಮಾತು ತೊದಲುತ್ತಿತ್ತು. ಕುಡಿದು ಕೆಲಸಕ್ಕೆ ಬಂದಿದ್ದಾನೆ ಅಂತ ಬರೆದು ತೆಗೆದುಹಾಕಿದರು. ಅಪ್ಪ ಜೀವನದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ. ಆದರೂ ಸಾಯುವವರೆಗೆ ಕುಡುಕ ಅನ್ನಿಸಿಕೊಂಡರು.

ಆಮೇಲೆ ಅಮ್ಮ ದೇವರ ಮಾತು ಶುರು ಮಾಡಿದಳು. ನನ್ನ ಮದುವೆಗೆ ಮುಂಚೆ ಒಂದು ದಿನ ಅವಳು ನನ್ನ ತಲೆ ಬಾಚುತ್ತಿದ್ದಾಗ, "ಅಮ್ಮಾ, ನಿಜವಾಗ್ಲೂ ದೇವ್ರೇ ಅಂತೀಯಾ?" ಅಂತ ಕೇಳಿದ್ದೆ. ಬಾಚಣಿಗೆ ನಿಂತಿತು. "ಕುಡುಕ ಅನ್ನೋದಕ್ಕಿಂತ ದೇವ್ರು ಅನ್ನೋದು ವಾಸಿ ಅಲ್ವೇನೇ" ಅಂದಳು. ಅಷ್ಟೇ. ಮತ್ತೆ ಬಾಚತೊಡಗಿದಳು.

ಮೂವತ್ತು ವರ್ಷ ಆ ಮಾತನ್ನು ನಾನು ಕೇಳಿಲ್ಲ ಅಂತ ನಂಬಿಸಿಕೊಂಡು ಬಂದೆ. ಯಾಕೆಂದರೆ ಅಷ್ಟರಲ್ಲಿ ನನಗೆ ಕಾಣಲು ಶುರುವಾಗಿತ್ತು. ಗಂಡ ತೀರಿಹೋಗಿ ಒಬ್ಬಳೇ ಆದಮೇಲೆ ಇನ್ನೂ ಹೆಚ್ಚಾಯಿತು. ಬೆಳಿಗ್ಗೆ ಕಣ್ಣು ಮುಚ್ಚಿದರೆ ಕೋಣೆ ತುಂಬುತ್ತದೆ. ಅಪ್ಪ, ಅಮ್ಮ, ಅವರು. ಬೆಳಕಿನಲ್ಲಿ ಧೂಳು ತೇಲುವ ಹಾಗೆ ಮೆಲ್ಲಗೆ ಬರುತ್ತಾರೆ, ಮೆಲ್ಲಗೆ ಹೋಗುತ್ತಾರೆ. ನನ್ನ ಆ ಕೋಣೆ ಹತ್ತಡಿಗೆ ಎಂಟಡಿ. ಅಲ್ಲಿ ನಾನು ಒಂಟಿ ಅಂತ ಒಂದು ದಿನವೂ ಅನ್ನಿಸಿಲ್ಲ. ನಿನ್ನ ಡಾಕ್ಟರು ಕೇಳಿದ ಪ್ರಶ್ನೆಗಳನ್ನು ಓದಿದಾಗ ಯಾರೋ ಬಂದು ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ಎಬ್ಬಿಸಿ ಕರೆದುಕೊಂಡು ಹೋದ ಹಾಗಾಯಿತು. ಅದಕ್ಕೇ ಹದಿಮೂರು ದಿನ ಹಿಡಿಯಿತು.

ಆ ಪೊಲೀಸ್ ಸಾಹೇಬರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಂಡದ್ದನ್ನು ಬರೆದರು, ಕುಡಿತ ಅಂದರು. ನಾನೂ ಕಂಡದ್ದನ್ನೇ ಹೇಳಿದೆ, ದೇವರು ಅಂದೆ. ಇಬ್ಬರೂ ಸುಳ್ಳು ನೋಡಲಿಲ್ಲ.

ಈಗ ನಿನ್ನ ವಿಷಯ. ನೀನು ಬರೆದಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಯಿಲೆಯಲ್ಲ, ರೈಲ್ವೆ ಗೇಟು. ನಾಲ್ಕು ಗಂಟೆ ಅಂದರೆ ಶಾಲೆ ಬಿಡುವ ಹೊತ್ತು. ಅಲ್ಲಿ ಯಾರು ನಿಂತಿದ್ದರು? ನಿನಗೆ ಗೊತ್ತಿಲ್ಲ. ಅಪ್ಪ ಪಕ್ಕದಲ್ಲಿ ಕೂತು ಹೆಸರು ಹೇಳುತ್ತಿದ್ದರು, ಮುಂದೆ ನಿಂತವರ ಹೆಸರು ಹೇಳಲಿಲ್ಲ. ಅವತ್ತು ಯಾರಿಗೂ ಏನೂ ಆಗಲಿಲ್ಲ. ಆರು ತಿಂಗಳ ಮೇಲೆ ನೀನು ಮತ್ತೆ ಅದೇ ಗಾಡಿ ಹತ್ತುತ್ತೀಯ, ಅಪ್ಪನೂ ಹತ್ತುತ್ತಾರೆ. ಮಕ್ಕಳ ವಾರ್ಡಿನ ಹೊದಿಕೆ ಹೊಲಿಯುವವಳು ನಾನು. ಯಾವ ಕಲೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗುತ್ತದೆ.

ಒಪ್ಪಿಕೊ ಅಂತ ಎರಡು ಕಾಗದದಲ್ಲಿ ಬರೆದೆ. ತಪ್ಪು ಬರೆದೆ. ಮಾಡದ ತಪ್ಪನ್ನು ಒಪ್ಪಿಕೊಂಡು ಮಾಡಬಹುದಾದ ದೊಡ್ಡ ತಪ್ಪಿಗೆ ದಾರಿ ಮಾಡಿಕೊಳ್ಳಬೇಡ.

ಇದರ ಜೊತೆ ಒಂದು ಹಾಳೆ ಇದೆ. ನಮ್ಮ ತಂದೆಗೆ ಹೀಗಾಗುತ್ತಿತ್ತು, ನನಗೆ ಹೀಗಾಗುತ್ತದೆ, ನಕ್ಕರೆ ಬೀಳುತ್ತೇನೆ, ಪ್ರಾರ್ಥನೆಯಲ್ಲಿ ಸತ್ತವರು ಕಾಣುತ್ತಾರೆ, ಅದು ಕಾಯಿಲೆಯಿರಬೇಕು, ಅಂತ ನನ್ನ ಕೈಯಾರೆ ಬರೆದು ಸಹಿ ಹಾಕಿದ್ದೇನೆ. ಕೊನೆಯ ಎರಡು ಪದ ಬರೆಯಲು ಒಂದು ಇಡೀ ಭಾನುವಾರ ಹಿಡಿಯಿತು. ಇನ್ನೊಂದು ಪ್ರತಿಯನ್ನು ನಿನ್ನ ವಕೀಲೆಗೆ ಕಳಿಸಿದ್ದೇನೆ, ವಿಳಾಸ ನಿನ್ನ ಹೆಂಡತಿ ಕೊಟ್ಟಳು. ಅವಳನ್ನು ಬೈಯಬೇಡ. ಕೋರ್ಟಿನಲ್ಲಿ ಬಾಯಿ ನಿನ್ನದು, ಅದನ್ನು ನಾನು ತೆರೆಸಲಾರೆ.

ನಿನ್ನ ಅಕ್ಕ


ಏಪ್ರಿಲ್ 14, ಮಂಗಳವಾರ

ಅಕ್ಕಾ,

ಯಾರು ಕೇಳಿದ್ದರು ನಿನ್ನನ್ನು?

ನಿನ್ನ ಹೆಸರು ಬರಬಾರದು ಅಂತ ಡಾಕ್ಟರ ಮುಂದೆ ಸುಳ್ಳು ಹೇಳಿದವನು ನಾನು. ನೀನು ಹೋಗಿ ಊರಿಗೆಲ್ಲ ಸಹಿ ಹಾಕಿ ಹಂಚಿದೆ. ವಕೀಲೆ ನಿನ್ನ ಹಾಳೆ ಹಿಡಿದುಕೊಂಡು, "ಇದನ್ನ ಕೊಡೋದು ಬಿಡೋದು ನಿಮ್ಮಿಷ್ಟ, ಆದ್ರೆ ಓದಿದ್ಮೇಲೆ ನನಗೆ ನಿದ್ದೆ ಬಂದಿಲ್ಲ" ಅನ್ನುತ್ತಾರೆ. ನಿದ್ದೆ ಬೇಕಿದ್ದರೆ ನಮ್ಮ ಮನೆಗೆ ಬರಲಿ, ಬೇಕಾದಷ್ಟಿದೆ.

ನನ್ನ ಕೈಯಿಂದ ಗಾಡಿ ಕಿತ್ತುಕೊಳ್ಳಲು ಪೊಲೀಸರು ಸಾಲದೆ ಹೋದರು.

ಇನ್ನು ಬರೆಯಬೇಡ.


ಜೂನ್ 2, ಮಂಗಳವಾರ

ಅಕ್ಕಾ,

ಬರೆಯಬೇಡ ಅಂದರೆ ನಿಜವಾಗಿಯೂ ಬರೆಯಲಿಲ್ಲ ನೀನು. ನಮ್ಮ ಮನೆಯವರಿಗೆ ಹಟ ಒಂದು ಮಾತ್ರ ನಿಂತುಕೊಂಡೇ ಬರುತ್ತದೆ.

ಕೋರ್ಟಿನ ದಿನ ಏನಾಯಿತು ಅಂತ ನಿನ್ನ ನಾದಿನಿ ಹೇಳಿರುತ್ತಾಳೆ, ಆದರೂ ನನ್ನ ಬಾಯಿಂದ ಕೇಳು. ಕುಡಿದಿದ್ದೆ ಅನ್ನಲೆಂದೇ ಹೋಗಿದ್ದೆ. ಬೆಂಚಿನಲ್ಲಿ ಕೂತು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ, ಹೌದು ಸ್ವಾಮಿ, ಹೌದು ಸ್ವಾಮಿ. ಸಾಹೇಬರು ತಮ್ಮ ಹಾಳೆ ಓದಿದರು. ಮೊಣಕಾಲು ಎರಡು ಸಲ ಬಾಗಿತು. ಕಾರಣವಿಲ್ಲದೆ ನಕ್ಕನು. ಅವರು ಓದುತ್ತ ಹೋದಂತೆ ಅದು ನನ್ನ ಬಗ್ಗೆ ಅನ್ನಿಸಲಿಲ್ಲ. ಗಂಟೆಯ ಕಂಬ ಹಿಡಿದು ಜಾರಿ ಕೂತ ಮನುಷ್ಯ ಕಂಡ. ನಾನು ಹೌದು ಅಂದರೆ ಅವರೂ ಹೌದು ಅಂದಂತೆ.

ನ್ಯಾಯಾಧೀಶರು, "ಕುಡಿದಿದ್ದಿರಾ?" ಅಂದರು.

"ಇಲ್ಲ ಸ್ವಾಮಿ. ಕುಡಿದಿದ್ದರೆ ಚೆನ್ನಾಗಿತ್ತು" ಅಂದೆ. ಹಿಂದೆ ಯಾರೋ ನಕ್ಕರು. ನಾನು ನಗಲಿಲ್ಲ, ಕಟಕಟೆ ಹಿಡಿದುಕೊಂಡಿದ್ದೆ.

ವಕೀಲೆ ನಿನ್ನ ಹಾಳೆ ಕೊಟ್ಟರು. ನ್ಯಾಯಾಧೀಶರು ಎರಡು ಸಲ ಓದಿದರು, ಸಾಹೇಬರಿಗೂ ಓದಲು ಕೊಟ್ಟರು. ಓದಿ ಸಾಹೇಬರು ಅಂದದ್ದು ಇಷ್ಟೇ: "ನಾನು ನೋಡಿದ್ದು ನಿಜ ಸರ್. ಏನಂತ ಗೊತ್ತಿರ್ಲಿಲ್ಲ." ರೈಲ್ವೆ ಗೇಟಿನ ವಿಷಯವನ್ನು ನಾನೇ ಹೇಳಿದೆ. ಅದನ್ನು ನಿನ್ನ ಹಾಳೆಯಲ್ಲಿ ನೀನು ಬರೆದಿರಲಿಲ್ಲ, ನನಗೆ ಬಿಟ್ಟಿದ್ದೆ. ಕುಡಿತದ ಕೇಸು ನಿಂತಿತು. ಲೈಸೆನ್ಸು ಅಲ್ಲೇ ಮೇಜಿನ ಮೇಲೆ ಉಳಿಯಿತು. ಯಾವಾಗ ವಾಪಸ್ಸು ಅಂತ ಯಾರೂ ಹೇಳಲಿಲ್ಲ.

ಹೊರಗೆ ಬಂದಾಗ ಮಗಳು ನನ್ನ ಕಿರುಬೆರಳು ಹಿಡಿದುಕೊಂಡಳು. ಆದರೂ ನಿನ್ನ ಮೇಲಿನ ಸಿಟ್ಟು ಇಳಿಯಲು ಒಂದೂವರೆ ತಿಂಗಳು ಹಿಡಿಯಿತು. ಪೂರ್ತಿ ಇಳಿದಿದೆ ಅಂತಲೂ ಹೇಳುವುದಿಲ್ಲ.

ಈಗ ಕತ್ತರಿಸುವ ಮೇಜಿನಲ್ಲಿದ್ದೇನೆ. ವಜ್ರದ ಮೊನೆಯಲ್ಲಿ ಗೆರೆ ಎಳೆದು, ಅಂಚು ತಟ್ಟಿದರೆ ಗಾಜು ಒಂದು ಸಣ್ಣ ಉಸಿರು ಬಿಟ್ಟು ಎರಡಾಗುತ್ತದೆ. ನನ್ನ ಗಾಡಿಗೆ ಹೊಸಬ ಬಂದಿದ್ದಾನೆ. ಅವನು ಹೊರಡುವಾಗ ಹಗ್ಗ ಬಿಗಿಯಾಗಿದೆಯಾ ಅಂತ ನಾನೇ ಹೋಗಿ ಎಳೆದು ನೋಡುತ್ತೇನೆ. ಗೇಟಿನ ಹತ್ತಿರ ನಿಧಾನ ಅನ್ನುತ್ತೇನೆ. "ಗೊತ್ತು ಮಾಮ, ದಿನಾ ಹೇಳ್ತೀರ" ಅನ್ನುತ್ತಾನೆ.

ನಿದ್ದೆ ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ, ಅಲ್ಲಿವರೆಗೆ ಅಂತ ಡಾಕ್ಟರು ಕೊಟ್ಟ ಮಾತ್ರೆ ಶುರು ಮಾಡಿ ಇಪ್ಪತ್ತು ದಿನವಾಯಿತು. ಊಟದ ಮಧ್ಯೆ ನಿದ್ದೆ ಇಲ್ಲ. ಆದರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ಬಿಸಿಲು ಬರೀ ಬಿಸಿಲು. ಪಕ್ಕದಲ್ಲಿ ಯಾರೂ ಇಲ್ಲ. ಇದನ್ನು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ? ಡಾಕ್ಟರಿಗೆ ಹೇಳಿದರೆ, ಒಳ್ಳೆಯದಾಯಿತಲ್ಲ ಅನ್ನುತ್ತಾರೆ.

ನೀನು ತೋರಿಸಿಕೊಂಡೆಯ? ಏನು ಹೇಳಿದರು? ಇನ್ನು ಬರೆಯಬಹುದು.

ನಿನ್ನ ತಮ್ಮ


ಜೂನ್ 9, ಮಂಗಳವಾರ

ತಮ್ಮಾ,

ಕಾಗದ ತಲುಪಿತು. ಬಟ್ಟೆ ಕೋಣೆಯಲ್ಲಿ ಹೊದಿಕೆಗಳ ರಾಶಿಯ ಮೇಲೆ ಕೂತು ಓದಿದೆ.

ಅಪ್ಪನ ಹೆಸರಿನ ಮೇಲಿದ್ದ ಒಂದು ಕಲೆ ತೆಗೆದೆ ನೀನು. ನನ್ನಿಂದ ಇಷ್ಟು ವರ್ಷ ಆಗದ ಕೆಲಸ. ನಿನ್ನ ಸಿಟ್ಟು ಉಳಿದಷ್ಟು ಉಳಿಯಲಿ, ಅದಕ್ಕೆ ನಾನು ಅರ್ಹಳೇ.

ನಾನೂ ತೋರಿಸಿಕೊಂಡೆ. ನಮ್ಮ ಆಸ್ಪತ್ರೆಯಲ್ಲೇ, ನಾನು ಗುಂಡಿ ಹೊಲಿದ ಕೋಟು ಹಾಕಿಕೊಂಡ ಡಾಕ್ಟರು. ಸುಟ್ಟ ಗಾಯ ನೋಡಿ ಬೈದರು. ಅದೇ ಪ್ರಶ್ನೆ, ಅದೇ ಉತ್ತರ. ಮಾತ್ರೆ ಕೊಟ್ಟರು. ನಾಲ್ಕು ದಿನ ಚೀಟಿಯಲ್ಲೇ ಇಟ್ಟುಕೊಂಡಿದ್ದೆ. ನಿನ್ನನ್ನು ಮಾತ್ರೆಯ ದಾರಿಗೆ ತಳ್ಳಿದವಳು ನಾನೇ ನುಂಗದಿದ್ದರೆ ಆ ಹಾಳೆಗೆ ಸಹಿ ಹಾಕಿದ್ದಕ್ಕೆ ಅರ್ಥವಿಲ್ಲ ಅಂತ ಐದನೇ ದಿನ ನುಂಗಿದೆ.

ಮಂದಿರದ ಹೆಂಗಸರಿಗೆ ಹೇಳಿಬಿಟ್ಟೆ. ಕಂಡದ್ದು ನಿಜ, ಆದರೆ ಅದು ನನ್ನ ನಿದ್ದೆಯೊಳಗಿನದು, ನಿಮ್ಮ ಮನೆಯವರು ನನಗೆ ಏನೂ ಹೇಳಿ ಕಳಿಸಿಲ್ಲ, ಕ್ಷಮಿಸಿ ಅಂದೆ. ಕೆಲವರು ಅತ್ತರು. ಒಬ್ಬಳು, "ಅಷ್ಟು ದಿನ ನಂಬ್ಸಿ ಈಗ ಹೀಗಂತೀಯಲ್ಲ, ನಿನಗೆ ಒಳ್ಳೇದಾಗತ್ತಾ?" ಅಂದಳು. ಈಗ ಯಾರೂ ಕೈ ಹಿಡಿಯಲು ಬರುವುದಿಲ್ಲ.

ನಿನ್ನ ಲೈಸೆನ್ಸು ವಾಪಸ್ಸು ಬರಲಿ ಅಂತ ನಾನು ಕೇಳಿಕೊಳ್ಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನೀನು ಚೆನ್ನಾಗಿರಲಿ ಅಂತ ಕೇಳಿಕೊಳ್ಳುತ್ತೇನೆ. ಚೆನ್ನಾದ ಮೇಲೂ ಡಾಕ್ಟರು ಬೇಡ ಅಂದರೆ ಬೇಡ.

ನೀನು ಬಿಸಿಲಿನ ಬಗ್ಗೆ ಬರೆದದ್ದು ನನಗೆ ಅರ್ಥವಾಯಿತು. ಇವತ್ತು ಬೆಳಿಗ್ಗೆಯದನ್ನು ಹೇಳುತ್ತೇನೆ. ಐದು ಗಂಟೆಗೆ ಮುಖ ತೊಳೆದು ಕೂತೆ, ಕಣ್ಣು ಮುಚ್ಚಿದೆ. ಕತ್ತಲೆ ಇತ್ತು. ಕಾದೆ. ಹೊರಗೆ ನಲ್ಲಿ ತೊಟ್ಟಿಕ್ಕುತ್ತಿತ್ತು. ಮಂಚದ ಅಂಚಿನಲ್ಲಿ ಯಾರೂ ಬಂದು ಕೂರಲಿಲ್ಲ, ಯಾರೂ ಹೆಸರು ಕೂಗಲಿಲ್ಲ. ಆ ಹತ್ತಡಿ ಕೋಣೆಯಲ್ಲಿ ನಾನೊಬ್ಬಳೇ. ಎದ್ದುಬಿಡೋಣ ಅನ್ನಿಸಿತು. ಆದರೆ ಆ ಕಡೆ ಕೇಳುವವನು ಕಾಣದೆ ಇದ್ದಾಗಲೂ ಇರುತ್ತಾನೆ ಅಂತ ತಾನೇ ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು. ಹಾಗಾಗಿ ಹೇಳುವುದನ್ನು ಹೇಳಿದೆ. ನಿನ್ನ ಹೆಸರು, ನಿನ್ನ ಮಗಳ ಹೆಸರು, ಕೈ ಬಿಟ್ಟುಹೋದ ಆ ಹೆಂಗಸರ ಹೆಸರು, ಹೊಸ ಡ್ರೈವರನಿಗಾಗಿ ಒಂದು ಮಾತು. ಮೊದಲೆಲ್ಲ ಒಂದು ಗಂಟೆ ಹಿಡಿಯುತ್ತಿತ್ತು, ಇವತ್ತು ಹತ್ತು ನಿಮಿಷದಲ್ಲಿ ಮುಗಿಯಿತು. ಎದ್ದು ಕೆಲಸಕ್ಕೆ ಹೋದೆ.

ನಿನ್ನ ಅಕ್ಕ